ಓದುಗರ ಪ್ರಶ್ನೆ, ವೈದ್ಯರ ಉತ್ತರ: ‘ವಿಷವಿಲ್ಲದ’ ಹಾವು ಕಚ್ಚಿದಾಗ

ಮಳೆಗಾಲ ಹಿಡಿದ ಮೇಲೆ ಮುಂಬಯಿ, ಪುಣೆ ಮತ್ತು ಗೋವೆಯ ಕನ್ನಡಿಗರಿಂದ ಹಾವು ಕಡಿತದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಗರ ಹಾವಿನದ್ದಲ್ಲ, ‘ಇದಕ್ಕೆ ವಿಷವಿಲ್ಲ’ ಎಂದು ಯಾರೋ ಹೇಳಿ ಕಳುಹಿಸಿದ ಹಾವುಗಳದ್ದು. ಆದ್ದರಿಂದ ಈ ಸಲದ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರರೇ, ನಾವು ಠಾಣೆಯಲ್ಲಿ ಯೇವೂರು ಕಾಡಿಗೆ ತಾಗಿದ ಕಟ್ಟಡವೊಂದರಲ್ಲಿದ್ದೇವೆ. ಕಳೆದ ತಿಂಗಳು ನಮ್ಮ ಯಜಮಾನರು ಸೊಸೈಟಿಯ ಬೇಲಿಗಿಡ ಸವರುತ್ತಿದ್ದಾಗ ಹಸಿರು ಹಾವೊಂದು ಅವರ ತೋರುಬೆರಳನ್ನು ಕಚ್ಚಿ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಅರ್ಧ ನಿಮಿಷವಾದರೂ ಹಿಡಿದಿರಬೇಕು. ಹಾವು ಹಿಡಿಯಲು ಬಂದ ಸರ್ಪಮಿತ್ರ ಹುಡುಗ ‘ಇದು ಹರಣಟೋಳ, ವಿಷ ಇಲ್ಲ, ಅರಿಶಿನ ಹಚ್ಚಿದರೆ ಸಾಕು’ ಎಂದ. ಆದರೆ ರಾತ್ರಿಯ ಹೊತ್ತಿಗೆ ಬೆರಳು ಬಾತುಕೊಂಡು, ಬಾವು ಮಣಿಕಟ್ಟಿನವರೆಗೆ ಏರಿತು. ಬೆರಳ ತುದಿ ಎರಡು ದಿನ ಜೋಮು ಹಿಡಿದಂತಿತ್ತು. ವಿಷವೇ ಇಲ್ಲದ ಮೇಲೆ ಬಾವು ಏಕೆ ಬಂತು? (ಗೃಹಿಣಿ, ಠಾಣೆ)

ಉತ್ತರ: ಆ ಹುಡುಗ ಹಾವನ್ನು ಸರಿಯಾಗಿಯೇ ಗುರುತಿಸಿದ್ದಾನೆ. ಮರಾಠಿಯಲ್ಲಿ ಹರಣಟೋಳ ಎನ್ನುವುದು ನಮ್ಮ ಹಸಿರು ಬಳ್ಳಿ ಹಾವನ್ನು. ಆದರೆ ವಿಷವಿಲ್ಲ ಎಂದದ್ದು ಪೂರ್ತಿ ಸರಿಯಲ್ಲ. ಮನುಷ್ಯರನ್ನು ಕೊಲ್ಲುವಷ್ಟು ವಿಷವಿಲ್ಲ ಎಂದಿದ್ದರೆ ಸರಿಯಾಗುತ್ತಿತ್ತು.

ನಾಗರ ಹಾವು, ಕೊಳಕುಮಂಡಲ ಮುಂತಾದವುಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಒಳಗೆ ಟೊಳ್ಳಾದ ವಿಷದ ಹಲ್ಲುಗಳಿರುತ್ತವೆ. ಗ್ರಂಥಿಯನ್ನು ಸುತ್ತಿದ ಸ್ನಾಯು ಹಿಂಡಿದೊಡನೆ ಇಂಜೆಕ್ಷನ್ ಕೊಟ್ಟಂತೆ ವಿಷ ಒಳಗೆ ಇಳಿದುಬಿಡುತ್ತದೆ. ಬಳ್ಳಿ ಹಾವು, ಬೆಕ್ಕುಗಣ್ಣಿನ ಹಾವು ಮೊದಲಾದವುಗಳ ಏರ್ಪಾಡು ಬೇರೆ. ಅವುಗಳಿಗೆ ಬಾಯಿಯ ಹಿಂಭಾಗದಲ್ಲಿ, ಸುಮಾರಾಗಿ ಕಣ್ಣಿನ ಕೆಳಗೆ ಬರುವಂತೆ, ಉದ್ದಕ್ಕೂ ಸಣ್ಣ ತೋಡಿರುವ ಒಂದೆರಡು ದೊಡ್ಡ ಹಲ್ಲುಗಳಿರುತ್ತವೆ. ಅವುಗಳ ಬುಡಕ್ಕೆ ರಸ ಒದಗಿಸುವ ಗ್ರಂಥಿಗೆ, ಅದನ್ನು 19ನೆಯ ಶತಮಾನದಲ್ಲಿ ವರ್ಣಿಸಿದ ಫ್ರೆಂಚ್ ಅಂಗರಚನಾ ವಿಜ್ಞಾನಿಯ ಹೆಸರಿನಿಂದ ಡುವೆರ್ನಾಯ್ ಗ್ರಂಥಿ ಎಂದು ಹೆಸರಿದೆ. ಅದನ್ನು ಹಿಂಡುವ ಬಲವಾದ ಸ್ನಾಯು ಇಲ್ಲದಿರುವುದರಿಂದ ರಸವು ಜೊಲ್ಲಿನೊಡನೆ ಬೆರೆತು ನಿಧಾನವಾಗಿ ಗಾಯಕ್ಕೆ ಜಿನುಗುತ್ತದೆ. ತಟ್ಟನೆ ಕಚ್ಚಿ ಬಿಟ್ಟರೆ ಗೀರಿನಷ್ಟೇ ಗಾಯವಾಗಿ ಮುಗಿಯುತ್ತದೆ, ಕಚ್ಚಿ ಹಿಡಿದು ಅಗಿದರೆ ಮಾತ್ರ ರಸ ಒಳಸೇರಲು ಸಮಯ ಸಿಗುತ್ತದೆ. ನಿಮ್ಮ ಯಜಮಾನರ ವಿಷಯದಲ್ಲಿ ಆ ಅರ್ಧ ನಿಮಿಷವೇ ಬಾವಿಗೆ ಕಾರಣ. ಬಳ್ಳಿ ಹಾವಿನ ಕಡಿತದಲ್ಲಿ ನೋವು, ಬಾವು, ಜೋಮು ಕಾಣಿಸಿಕೊಂಡು ಎರಡು ಮೂರು ದಿನಗಳಲ್ಲಿ ತಾವಾಗಿಯೇ ಇಳಿಯುವುದು ವೈದ್ಯರಿಗೆ ಹೊಸ ಸಂಗತಿಯಲ್ಲ.

ಈ ರಸ ನಮ್ಮನ್ನು ಹೆಚ್ಚು ಕಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನನಗೆ ಯಾವಾಗಲೂ ಬೆರಗು ಹುಟ್ಟಿಸುತ್ತದೆ. ಈ ಹಾವುಗಳ ವಿಷ ಅವುಗಳ ಬೇಟೆಗೆ ಹೇಳಿ ಮಾಡಿಸಿದ್ದು. ಆಗ್ನೇಯ ಏಷ್ಯಾದ ಮ್ಯಾಂಗ್ರೋವ್ ಬೆಕ್ಕುಹಾವಿನ ವಿಷದಲ್ಲಿರುವ ಒಂದು ಪ್ರೊಟೀನು ಹಕ್ಕಿಗಳ ನರ ಮತ್ತು ಸ್ನಾಯು ಕೂಡುವ ಜಾಗವನ್ನು ಗಟ್ಟಿಯಾಗಿ ಹಿಡಿದು ಅವುಗಳನ್ನು ನಿಶ್ಚೇಷ್ಟಗೊಳಿಸುತ್ತದೆ, ಅದೇ ಪ್ರೊಟೀನಿಗೆ ಇಲಿಯಂಥ ಸಸ್ತನಿಗಳ ಮೇಲೆ ಅಷ್ಟು ಹಿಡಿತವಿಲ್ಲ. ಹಾಗಿದ್ದರೂ, ಅದೇ ಕುಲದ ಕಂದು ಮರಹಾವು ಎರಡನೆಯ ಮಹಾಯುದ್ಧದ ಸುಮಾರಿಗೆ ಸರಕಿನೊಂದಿಗೆ ಗುವಾಮ್ ದ್ವೀಪ ಸೇರಿಕೊಂಡು, ಅಲ್ಲಿ ಮಲಗಿದ್ದ ಎಳೆಯ ಮಕ್ಕಳನ್ನು ಕಚ್ಚಿದಾಗ ಕೆಲವರಿಗೆ ಉಸಿರಾಟದ ತೊಂದರೆಯೇ ಆಯಿತು. ದೊಡ್ಡವರ ದೇಹದಲ್ಲಿ ಕರಗಿಹೋಗುವ ಪ್ರಮಾಣ ನಾಲ್ಕೈದು ಕಿಲೋ ತೂಕದ ಕೂಸಿಗೆ ದೊಡ್ಡದೇ ಆಗುತ್ತದೆ.

‘ಹಿಂಹಲ್ಲಿನ ಹಾವು, ಏನೂ ಆಗುವುದಿಲ್ಲ’ ಎಂಬ ನಂಬಿಕೆ ಹಾವುಗಳನ್ನು ಬಲ್ಲವರನ್ನೂ ಮೋಸಗೊಳಿಸಿದೆ. ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಉರಗತಜ್ಞ ಕಾರ್ಲ್ ಷ್ಮಿಟ್ ಅವರಿಗೆ 1957ರ ಸೆಪ್ಟೆಂಬರಿನಲ್ಲಿ, ಗುರುತಿಸಿ ಕೊಡಿರೆಂದು ಮೃಗಾಲಯದಿಂದ ಕಳುಹಿಸಿದ್ದ ಆಫ್ರಿಕಾದ ಬೂಮ್‌ಸ್ಲಾಂಗ್ ಹಾವಿನ ಮರಿಯೊಂದು ಹೆಬ್ಬೆರಳಿಗೆ ಕಚ್ಚಿತು. ಚಿಕ್ಕ ಮರಿ, ಒಂದೇ ಹಲ್ಲು ತಾಗಿದೆ ಎಂದುಕೊಂಡು ಅವರು ಮನೆಗೆ ಹೋಗಿ, ತಮಗೆ ಆಗುತ್ತಿದ್ದುದನ್ನೆಲ್ಲ ಬರೆದಿಡುತ್ತಾ ಹೋದರು. ವಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ, ಮರುದಿನ ಮಧ್ಯಾಹ್ನ ಮರಣ. 1975ರಲ್ಲಿ ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ ತಾವು ಸಾಕಿದ್ದ ಆಫ್ರಿಕಾದ ಕಡ್ಡಿಹಾವು ಕಚ್ಚಿ, ಎರಡು ವಾರಕ್ಕೂ ಮೀರಿ ನರಳಿ ತೀರಿಕೊಂಡರು. ಈ ಹಾವುಗಳ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶವನ್ನೆಲ್ಲ ಒಳಗೊಳಗೇ ಖರ್ಚು ಮಾಡಿಬಿಡುತ್ತದೆ. ಆಮೇಲೆ ರಕ್ತ ಎಲ್ಲಿ ಬೇಕಾದರೂ ಸೋರಬಹುದು, ಮತ್ತು ಅದು ಗೊತ್ತಾಗುವುದು ಗಂಟೆಗಳ ನಂತರ. ಈ ಎರಡು ಆಫ್ರಿಕಾದ ಹಾವುಗಳೂ ನಮ್ಮ ಕಾಡುಗಳಲ್ಲಿಲ್ಲ, ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಹಾವಿಗೆ ಕೊಟ್ಟ ‘ವಿಷರಹಿತ’ ಎಂಬ ಹೆಸರು ಅಲ್ಲಿಯವರೆಗೆ ಕಂಡ ಕಡಿತಗಳ ಲೆಕ್ಕ ಮಾತ್ರ. ಈಗ ಕಚ್ಚಿಸಿಕೊಂಡವರ ಮೈಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಆ ಹೆಸರು ಹೇಳಲಾರದು.

ನಿಮ್ಮ ಯಜಮಾನರ ಬಾವು ಇಳಿದಿದೆ, ರಕ್ತ ಸೋರಿಲ್ಲ, ಆದ್ದರಿಂದ ಈಗ ಚಿಂತೆಗೆ ಕಾರಣವಿಲ್ಲ. ಆದರೆ ಅಂದು ಸಂಜೆಯೇ ಉಂಗುರ ತೆಗೆಸಿ, ಸೋಪುನೀರಿನಲ್ಲಿ ಗಾಯ ತೊಳೆದು, ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಸಿರು ಹಾವೆಂದರೆಲ್ಲ ಬಳ್ಳಿ ಹಾವಲ್ಲ, ಪಶ್ಚಿಮ ಘಟ್ಟದ ಪೊದೆಗಳಲ್ಲಿ ಬಿದಿರು ಮಂಡಲವೂ ಹಸಿರೇ, ಮತ್ತು ಅದರ ಬಾವು ಮಣಿಕಟ್ಟಿನಲ್ಲಿ ನಿಲ್ಲಬೇಕೆಂದಿಲ್ಲ.

ಪ್ರಶ್ನೆ: ಪುಣೆಯ ಕಾತ್ರಜ್ ಕಡೆ ನಮ್ಮ ಮನೆ. ಎಂಟು ವರ್ಷದ ಮಗ ಮಳೆಗಾಲದಲ್ಲಿ ಹುಲ್ಲಿನಲ್ಲಿ ಸಿಗುವ ‘ಗವತ್ಯಾ’ ಎಂಬ ಸಾಧು ಹಾವಿನ ಮರಿಗಳನ್ನು ಕೈಯಲ್ಲಿ ಹಿಡಿದು ಆಡುತ್ತಾನೆ. ಅದು ಕಚ್ಚುವುದೇ ಇಲ್ಲವೆಂದು ನೆರೆಹೊರೆಯವರೂ ಹೇಳುತ್ತಾರೆ. ಬಿಡಬಹುದೇ? (ತಂದೆ, ಪುಣೆ)

ಉತ್ತರ: ದಯವಿಟ್ಟು ಬಿಡಬೇಡಿ. ಹಸಿರು ಮೈ, ಎಳೆಯದಾಗಿದ್ದಾಗ ಕತ್ತಿನ ಮೇಲೆ ಕಪ್ಪು ಬಾಣದಂಥ ಗುರುತು, ನೆಲಗಪ್ಪೆಯೇ ಮುಖ್ಯ ಆಹಾರ: ಇದು ನಿಜಕ್ಕೂ ಬಹಳ ಸೌಮ್ಯ ಹಾವು, ಕಚ್ಚುವುದು ಅಪರೂಪ. ಆದರೆ ಪ್ರಾಣಿಶಾಸ್ತ್ರಜ್ಞರು ಇತ್ತೀಚಿನ ವರ್ಷಗಳಲ್ಲಿ ಇದರ ವಂಶವನ್ನು ಮತ್ತೆ ಪರಿಶೀಲಿಸಿ, ಹಳೆಯ ಕುಲದಿಂದ ತೆಗೆದು ರ‍್ಯಾಬ್ಡೋಫಿಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಜಪಾನಿನ ಯಮಕಗಾಶಿ ಎಂಬ ಹಾವು ಇರುವುದು ಇದೇ ಕುಲದಲ್ಲಿ. ಅದನ್ನೂ ಅಲ್ಲಿನವರು ಬಹುಕಾಲ ವಿಷವಿಲ್ಲದ್ದೆಂದೇ ತಿಳಿದಿದ್ದರು. ಅದರ ಹಿಂಹಲ್ಲು ಆಳವಾಗಿ ಇಳಿದಾಗ ರಕ್ತ ಹೆಪ್ಪುಗಟ್ಟದೆ ಸಾವುಗಳೂ ಸಂಭವಿಸಿದ ಮೇಲೆ, ಅದಕ್ಕೆಂದೇ ಪ್ರತಿವಿಷ ತಯಾರಿಸಬೇಕಾಯಿತು. ಯುರೋಪಿನಲ್ಲಿ ಸಾಕುಪ್ರಾಣಿಯಾಗಿ ಮಾರಾಟವಾಗುತ್ತಿದ್ದ, ಆಗ್ನೇಯ ಏಷ್ಯಾದ ಕೆಂಪು ಕತ್ತಿನ ಹಾವಿನ ಕಥೆಯೂ ಹೀಗೆಯೇ.

ಯಮಕಗಾಶಿಯಲ್ಲಿ ಇನ್ನೊಂದು ವಿಶೇಷವಿದೆ. ತಾನು ತಿಂದ ನೆಲಗಪ್ಪೆಯ ನಂಜನ್ನು ಅದು ಕತ್ತಿನ ಚರ್ಮದಡಿಯ ಗ್ರಂಥಿಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ರಸ ಕಣ್ಣಿಗೆ ಸಿಡಿದರೆ ತೀವ್ರ ಉರಿಯಾಗುತ್ತದೆ. ನಿಮ್ಮ ಗವತ್ಯಾಕ್ಕೂ ಕತ್ತಿನ ಭಾಗದಲ್ಲಿ ಇಂಥ ಗ್ರಂಥಿಗಳಿವೆ. ಮಗ ಈಗಾಗಲೇ ಹಿಡಿದಾಡಿದ್ದರಿಂದ ಏನೂ ಆಗಿಲ್ಲವೆಂದರೆ ಸಂತೋಷ, ಗದರಿಸಬೇಡಿ. ಹಾವಿನ ಮೇಲೆ ಅವನಿಗಿರುವ ಪ್ರೀತಿ ಒಳ್ಳೆಯದು, ಅದನ್ನು ಕಾತ್ರಜ್‌ನ ಸರ್ಪೋದ್ಯಾನಕ್ಕೆ ಕರೆದೊಯ್ದು ಬೆಳೆಸಿ. ಒಂದು ವೇಳೆ ಕಚ್ಚಿದರೆ, ಒಂದೆರಡು ದಿನ ವಸಡು, ಮೂಗು, ಮೂತ್ರದ ಬಣ್ಣ ಮತ್ತು ಹಲ್ಲು ನಾಟಿದ ಜಾಗವನ್ನು ಗಮನಿಸುತ್ತಿರಬೇಕು, ಮತ್ತು ಮೊದಲ ದಿನವೇ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ನಾವು ಕೊಪ್ಪಳ ಕಡೆಯವರು, ವಾಸ್ಕೋದಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದೇವೆ. ಮರಳಿನ ರಾಶಿಯ ಹತ್ತಿರ ತಮ್ಮನಿಗೆ ಹಾವು ಕಡಿಯಿತು. ಆಸ್ಪತ್ರೆಯಲ್ಲಿ ಒಂದು ದಿನ ಪೂರ್ತಿ ಮಲಗಿಸಿಕೊಂಡರು, ಆಗಾಗ ಬಂದು ರಕ್ತ ತೆಗೆದರು, ಆದರೆ ಹಾವಿನ ಇಂಜೆಕ್ಷನ್ ಕೊಡಲೇ ಇಲ್ಲ. ‘ವಿಷದ ಹಾವು ಅಲ್ಲ ಅನ್ನಿಸುತ್ತದೆ’ ಎಂದು ಮನೆಗೆ ಕಳಿಸಿದರು. ಬಡವರೆಂದು ಇಂಜೆಕ್ಷನ್ ಉಳಿಸಿಕೊಂಡರೇ? (ಅಣ್ಣ, ವಾಸ್ಕೋ)

ಉತ್ತರ: ಅಣ್ಣನಾದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಪರವೂರಿನಲ್ಲಿ, ಭಾಷೆ ಸರಿಯಾಗಿ ಬಾರದ ಕಡೆ, ಏನು ನಡೆಯುತ್ತಿದೆಯೆಂದು ಯಾರೂ ಬಿಡಿಸಿ ಹೇಳದಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಹೇಳಬೇಕಿತ್ತು, ಹೇಳದಿದ್ದದ್ದು ತಪ್ಪು. ಆದರೆ ನೀವು ಬರೆದುದನ್ನು ನೋಡಿದರೆ ತಮ್ಮನಿಗೆ ಸಿಕ್ಕಿದ್ದು ಸರಿಯಾದ ಚಿಕಿತ್ಸೆಯೇ.

ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ, ಅಂದರೆ ಎಎಸ್‌ವಿ, ನಾಲ್ಕೇ ಹಾವುಗಳ ವಿಷಕ್ಕೆ ಎದುರಾಗಿ ತಯಾರಾದದ್ದು: ನಾಗರ ಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ಅಂಶವನ್ನು ಬೇರ್ಪಡಿಸಿ ಮದ್ದು ಮಾಡುತ್ತಾರೆ. ನಿಮಗೆ ದೂರವಲ್ಲದ ಮುಂಬಯಿಯ ಪರೇಲಿನಲ್ಲಿ, 1899ರಲ್ಲಿ ಪ್ಲೇಗ್ ಸಂಶೋಧನೆಗೆಂದು ಆರಂಭವಾದ ಹಾಫ್‌ಕಿನ್ ಸಂಸ್ಥೆ ಈ ಮದ್ದಿನ ಕೆಲಸದಲ್ಲಿ ದಶಕಗಳಿಂದ ಹೆಸರಾಗಿದೆ. ಜೀವ ಉಳಿಸುವ ಮದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುದುರೆಯ ಪ್ರೊಟೀನು ಮನುಷ್ಯನ ರಕ್ತಕ್ಕೆ ಹೋದಾಗ ಮೈಯೆಲ್ಲ ದದ್ದು, ವಾಂತಿ, ಉಬ್ಬಸ, ರಕ್ತದೊತ್ತಡದ ಕುಸಿತ ಆಗಬಹುದು. ಇದನ್ನು ತಡೆಯುವ ಅಡ್ರಿನಲಿನ್ ಮದ್ದನ್ನು ಕೈಯಲ್ಲಿ ಸಿದ್ಧವಿಟ್ಟುಕೊಂಡೇ ಅದನ್ನು ಕೊಡುವುದು. ವಿಷ ಏರಿದವನಿಗೆ ಈ ಅಪಾಯವನ್ನು ಎದುರಿಸುವುದು ಅನಿವಾರ್ಯ. ವಿಷವೇ ಏರದವನಿಗೆ, ಅಥವಾ ಈ ಮದ್ದು ನಾಟದ ಬೇರೆ ಹಾವು ಕಚ್ಚಿದವನಿಗೆ, ಅದರಿಂದ ಅಪಾಯ ಮಾತ್ರ ಸಿಗುತ್ತದೆ, ಲಾಭವಿಲ್ಲ.

ಹಾಗಾದರೆ ವಿಷ ಏರಿದೆಯೇ ಎಂದು ತಿಳಿಯುವುದು ಹೇಗೆ? ಆಗಾಗ ರಕ್ತ ತೆಗೆದರು ಎಂದಿರಲ್ಲ, ಅದಕ್ಕಾಗಿಯೇ. ಎರಡು ಮಿಲಿಲೀಟರಿನಷ್ಟು ರಕ್ತವನ್ನು ಹೊಸ, ಒಣ ಗಾಜಿನ ಕೊಳವೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡುತ್ತಾರೆ. ಗಡ್ಡೆ ಕಟ್ಟಿದ್ದರೆ ಸದ್ಯಕ್ಕೆ ಸರಿ, ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದು ಅರ್ಥ. ಕೊಳವೆ ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನಿಂದ ತೊಳೆದದ್ದಾದರೆ ಫಲಿತಾಂಶವೇ ಕೆಡುತ್ತದೆ. ಒಮ್ಮೆ ಸರಿಯಾಗಿ ಬಂದರೆ ಸಾಲದು, ಮತ್ತೆ ಮತ್ತೆ ಮಾಡಬೇಕು. ಇದರ ಜೊತೆಗೆ ರೆಪ್ಪೆ ಜೋಲುತ್ತಿದೆಯೇ, ನುಂಗಲು ಕಷ್ಟವಾಗುತ್ತಿದೆಯೇ, ಬಾವು ಮೇಲೇರುತ್ತಿದೆಯೇ ಎಂದು 24 ಗಂಟೆ ನೋಡುತ್ತಾರೆ. ಹಾವು ಯಾವುದೆಂದು ಗೊತ್ತಿಲ್ಲದಿದ್ದರೂ ಈ ಕಾವಲಿನಿಂದ ಉತ್ತರ ಸಿಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಬೇವಿನ ಸೊಪ್ಪು ಕಹಿಯೆನಿಸುತ್ತದೆಯೇ, ಮೆಣಸಿನಕಾಯಿ ಖಾರ ಹತ್ತುತ್ತದೆಯೇ ಎಂದು ಅಗಿಸಿ ನೋಡುವ ರೂಢಿಯಿದೆಯಲ್ಲ, ಅದನ್ನು ನಾನೂ ಚಿಕ್ಕಂದಿನಲ್ಲಿ ಕಂಡವನು. ಅದರಿಂದ ಏನೂ ತಿಳಿಯುವುದಿಲ್ಲ. ಕಡಿತಗಳಲ್ಲಿ ಬಹುಪಾಲು ವಿಷವಿಲ್ಲದ ಹಾವುಗಳದ್ದೋ ವಿಷ ಇಳಿಸದ ಒಣ ಕಡಿತಗಳೋ ಆಗಿರುವುದರಿಂದ, ಮಂತ್ರ ಹಾಕಿದವರಿಗೂ ಬೇರು ಅರೆದವರಿಗೂ ಹೆಸರು ಬರುತ್ತದೆ. ಆ ಹೆಸರನ್ನು ನಂಬಿ ಕಟ್ಟುಹಾವು ಕಚ್ಚಿದವನನ್ನೂ ಅಲ್ಲಿಗೇ ಒಯ್ಯುತ್ತಾರೆ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆಂಬ ಅಂದಾಜಿದೆ. ಅವರಲ್ಲಿ ಬಹಳ ಮಂದಿ ಆಸ್ಪತ್ರೆಯನ್ನೇ ಕಾಣದವರು.

ಪ್ರಶ್ನೆ: ಗೋರೆಗಾಂವ್‌ನ ಆರೇ ಕಾಲೊನಿಯ ಹತ್ತಿರ ಇದ್ದೇವೆ. ರಾತ್ರಿ ನೆಲದ ಮೇಲೆ ಮಲಗಿದ್ದ ನಮ್ಮ ಅತ್ತೆಯವರ ಚಾಪೆಯ ಬಳಿ ಬಿಳಿ ಪಟ್ಟೆಯ ಸಣ್ಣ ಹಾವು ಕಂಡಿತು. ಕೈಯಲ್ಲಿ ಚುಕ್ಕೆಯಂಥ ಗುರುತಿತ್ತು, ನೋವಿರಲಿಲ್ಲ. ಫೋಟೋ ನೋಡಿದ ಪರಿಚಯಸ್ಥರು ‘ಕವಡ್ಯಾ, ಬರೀ ತೋಳ ಹಾವು’ ಎಂದರು. ಅದೃಷ್ಟವಶಾತ್ ಅತ್ತೆಯವರು ಚೆನ್ನಾಗಿದ್ದಾರೆ. ತೋಳ ಹಾವು ಮತ್ತು ಕಟ್ಟುಹಾವು, ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ? (ಸೊಸೆ, ಗೋರೆಗಾಂವ್)

ಉತ್ತರ: ತೋಳ ಹಾವಿನ ಪಟ್ಟೆಗಳು ಕತ್ತಿನ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಸುಕಾಗುತ್ತವೆ. ಕಟ್ಟುಹಾವಿನಲ್ಲಿ, ಅಂದರೆ ಕೆಲವರು ಕಡಂಬಳವೆಂದೂ ಮರಾಠಿಯವರು ಮಣ್ಯಾರ್ ಎಂದೂ ಕರೆಯುವ ಹಾವಿನಲ್ಲಿ, ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು, ಮತ್ತು ಪಟ್ಟೆಗಳು ಹಲವು ಸಲ ಜೋಡಿಜೋಡಿಯಾಗಿರುತ್ತವೆ. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡದಾಗಿ ಆರು ಮೂಲೆಯಾಗಿರುತ್ತವೆ. ಇಷ್ಟು ಬರೆದ ಮೇಲೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಅರ್ಧರಾತ್ರಿಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಹೆದರಿದ ಕಣ್ಣಿನಿಂದ ನೋಡಿ ಈ ಲಕ್ಷಣಗಳ ಮೇಲೆ ಯಾರ ಜೀವವನ್ನೂ ಪಣಕ್ಕಿಡಬೇಡಿ. ಅನುಭವಿಗಳೂ ಇಲ್ಲಿ ತಪ್ಪಿದ್ದಾರೆ.

ಕಟ್ಟುಹಾವಿನ ಕಡಿತ ನಿದ್ದೆಯಲ್ಲಿರುವವರಿಗೆ ಇರುವೆ ಕಚ್ಚಿದಷ್ಟೂ ತಿಳಿಯದಿರಬಹುದು. ಬಾವು ಇರುವುದಿಲ್ಲ, ರಕ್ತ ಇರುವುದಿಲ್ಲ. ಕೆಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುವುದು, ಮಾತು ತೊದಲುವುದು, ಕೊನೆಗೆ ಉಸಿರು ನಿಲ್ಲುವುದು. ನರದ ತುದಿಗಳನ್ನೇ ಹಾಳುಮಾಡುವ ವಿಷವಾದ್ದರಿಂದ ಲಕ್ಷಣಗಳು ಬಲಿತ ಮೇಲೆ ಪ್ರತಿವಿಷ ಕೊಟ್ಟರೂ ಕೂಡಲೇ ಸರಿಹೋಗುವುದಿಲ್ಲ, ದಿನಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು. ನೋವಿಲ್ಲದಿರುವುದನ್ನು ಸಮಾಧಾನದ ಲಕ್ಷಣವೆಂದು ತಿಳಿಯುವುದೇ ಇಲ್ಲಿನ ದೊಡ್ಡ ಅಪಾಯ. ಪಟ್ಟೆ ಹಾವು, ರಾತ್ರಿ, ನೆಲದ ಹಾಸಿಗೆ ಈ ಮೂರೂ ಕೂಡಿದ್ದರೆ 108ಕ್ಕೆ ಕರೆಮಾಡಿ ಹೊರಡಬೇಕು, ಫೋಟೋ ಇದ್ದರೆ ವೈದ್ಯರಿಗೆ ತೋರಿಸಬಹುದು. ಫೋಟೋಗಾಗಿ ಹಾವನ್ನು ಹುಡುಕುತ್ತಾ ನಿಲ್ಲಬಾರದು. ಅತ್ತೆಯವರಿಗೆ ಮಂಚವೊಂದನ್ನು ಮಾಡಿಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿ ಮಲಗುವ ರೂಢಿ ಮಾಡಿ.

ಪ್ರಶ್ನೆ: ಕೇರೆ ಹಾವಿನ ಬಾಲದಲ್ಲಿ ವಿಷವಿದೆಯೇ? (ವಿದ್ಯಾರ್ಥಿ, ಡೊಂಬಿವಲಿ)

ಉತ್ತರ: ಇಲ್ಲ. ಹಾವುರಾಣಿಯಲ್ಲೂ ಇಲ್ಲ.

ಪ್ರಶ್ನೆ: ಮುಳಾ ನದಿಯ ದಂಡೆಯಲ್ಲಿ ನೀರುಹಾವು ಕಾಲಿಗೆ ಕಚ್ಚಿ ಸಾಲಾಗಿ ಗೀರುಗಳಾದವು, ರಕ್ತ ತುಂಬಾ ಹರಿಯಿತು. ಹತ್ತು ದಿನವಾದರೂ ಒಂದು ಕಡೆ ಗಂಟಿನಂತೆ ಕೀವಾಗಿದೆ. (ನಿವೃತ್ತ ನೌಕರ, ಪುಣೆ)

ಉತ್ತರ: ನೀರುಹಾವಿನ ಹಲ್ಲುಗಳು ಸೂಜಿಯಂತೆ ಚೂಪು, ಹಿಂದಕ್ಕೆ ಬಾಗಿರುತ್ತವೆ. ಕಾಲನ್ನು ಝಾಡಿಸಿ ಎಳೆದುಕೊಂಡಾಗ ಚರ್ಮ ಸೀಳುತ್ತದೆ, ಕೆಲವೊಮ್ಮೆ ಹಲ್ಲು ಮುರಿದು ಒಳಗೇ ಉಳಿಯುತ್ತದೆ. ನಿಮ್ಮ ಗಂಟಿನಲ್ಲಿ ಅದೇ ಇರಬಹುದು, ಶಸ್ತ್ರವೈದ್ಯರಿಗೆ ತೋರಿಸಿ ತೆಗೆಸಿ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡಿರದಿದ್ದರೆ ಇಂದೇ ತೆಗೆದುಕೊಳ್ಳಿ. ವಿಷವಿಲ್ಲದ ಹಾವಿನ ಪ್ರತಿಯೊಂದು ಕಡಿತಕ್ಕೂ ಆಂಟಿಬಯೋಟಿಕ್ ನುಂಗಬೇಕಿಲ್ಲ, ಚೆನ್ನಾಗಿ ತೊಳೆದ ಗಾಯ ಸಾಮಾನ್ಯವಾಗಿ ತಾನೇ ಮಾಯುತ್ತದೆ. ನಿಮ್ಮದು ಕೀವಾಗಿರುವುದರಿಂದ ಬೇಕಾಗಬಹುದು. ಸಕ್ಕರೆ ಕಾಯಿಲೆಯಿದ್ದರೆ ತಡಮಾಡಲೇಬೇಡಿ.

ಪ್ರಶ್ನೆ: ಗೋವೆಯ ಸತ್ತರಿ ತಾಲೂಕಿನಲ್ಲಿ ಅಡಿಕೆ, ಗೇರು ತೋಟ ನೋಡಿಕೊಂಡಿದ್ದೇನೆ. ತರಗೆಲೆಯಲ್ಲಿ ಮಲಗಿರುವ, ಮೂತಿ ಮೇಲಕ್ಕೆತ್ತಿದ ಗೇಣುದ್ದದ ಕಂದು ಹಾವು ಆಳುಗಳನ್ನು ಆಗಾಗ ಕಚ್ಚುತ್ತದೆ. ‘ಬಾತು ಇಳಿಯುತ್ತದೆ, ಸಾಯುವುದಿಲ್ಲ’ ಎಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಇದು ಸರಿಯೇ? (ತೋಟಗಾರ, ವಾಳಪೈ)

ಉತ್ತರ: ನಿಮ್ಮ ವರ್ಣನೆ ಉಬ್ಬುಮೂಗಿನ ಗುಳಿಮಂಡಲಕ್ಕೆ ಹೊಂದುತ್ತದೆ. ಹಾವು ಚಿಕ್ಕದು, ಬಾವು ಇಳಿಯುವುದೂ ನಿಜ. ಶ್ರೀಲಂಕಾದಲ್ಲೂ ಕೇರಳದಲ್ಲೂ ಇದನ್ನು ಹೀಗೆಯೇ ಲಘುವಾಗಿ ಕಂಡಿದ್ದರು. ಆಮೇಲೆ ಇದರ ಕಡಿತದಿಂದ ಕೆಲವರ ರಕ್ತ ಹೆಪ್ಪುಗಟ್ಟುವುದು ನಿಂತು, ಮೂತ್ರಪಿಂಡಗಳು ಸೋತು ಡಯಾಲಿಸಿಸ್ ಬೇಕಾದದ್ದೂ ಸಾವುಗಳಾದದ್ದೂ ದಾಖಲಾದವು. ಮೇಲೆ ಹೇಳಿದ ನಾಲ್ಕು ಹಾವುಗಳ ಪ್ರತಿವಿಷ ಇದರ ಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ಚಿಕಿತ್ಸೆ ಎಂದರೆ ಬೇಗ ಕಂಡುಹಿಡಿದು ಮೂತ್ರಪಿಂಡಗಳನ್ನು ಕಾಪಾಡುವುದೇ.

ಆಳು ಕಚ್ಚಿಸಿಕೊಂಡರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಸೊಪ್ಪು ಮೆತ್ತಬೇಡಿ. ಕಾಲನ್ನು ಅಲುಗಾಡದಂತಿಟ್ಟು ವಾಳಪೈಯ ಸರಕಾರಿ ಆಸ್ಪತ್ರೆಗೆ, ಅವರು ಬರೆದುಕೊಟ್ಟರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಅಲ್ಲಿಂದ ಮನೆಗೆ ಕಳಿಸಿದ ಮೇಲೂ ಕೆಲವು ದಿನ, ಮೂತ್ರ ಕಡಿಮೆಯಾಯಿತೇ, ಕಾಫಿಯ ಬಣ್ಣಕ್ಕೆ ತಿರುಗಿತೇ, ಮುಖ ಊದಿತೇ ಎಂದು ಅವನನ್ನು ನೀವೇ ವಿಚಾರಿಸುತ್ತಿರಿ, ಮತ್ತು ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ದಿನಗೂಲಿಯ ಆಳು ಕೆಲಸ ತಪ್ಪಿಸಿ ತಾನಾಗಿ ಆಸ್ಪತ್ರೆಗೆ ಹೋಗುವುದಿಲ್ಲ. ಆ ದಿನಗಳ ಕೂಲಿಯನ್ನು ನೀವು ಕೊಡುವುದಾಗಿ ಹೇಳಿದರೆ ಹೋಗುತ್ತಾನೆ. ತೋಟದಲ್ಲಿ ಎಲ್ಲರಿಗೂ ಗಂಬೂಟು ಕೊಡಿಸಿ, ತರಗೆಲೆಯನ್ನು ಕೈಯಿಂದ ಬಾಚುವುದನ್ನು ನಿಲ್ಲಿಸಿ ಕೋಲಿನಿಂದ ಸರಿಸಲು ಹೇಳಿ.